ಒಂದು ದಿನ ತಡ, ಒಂದು ವರ್ಷ ಲಾಭ: ಬೇಸ್‌ಬಾಲ್‌ನ 'ಸರ್ವಿಸ್' ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮಾರ್ಚ್ ಕೊನೆಗೆ ಅಮೆರಿಕದಲ್ಲಿ ಬೇಸ್‌ಬಾಲ್ ಸೀಸನ್ ಶುರುವಾಗುತ್ತದೆ. ಅದರ ಹಿಂದೆಯೇ ನನ್ನ ವಾಟ್ಸಾಪಿಗೆ ಒಂದೇ ಪ್ರಶ್ನೆ ನಾಲ್ಕಾರು ಕಡೆಯಿಂದ ಬರುತ್ತದೆ. "ಆ ಹುಡುಗ ಅಷ್ಟು ಚೆನ್ನಾಗಿ ಹೊಡೀತಿದ್ದಾನೆ, ಯಾಕೆ ಇನ್ನೂ ಕೆಳಗಿನ ಲೀಗ್‌ನಲ್ಲೇ ಇಟ್ಟಿದ್ದಾರೆ?" ಕೇಳುವವರಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡಿ ಬೆಳೆದವರು, ಈಗ ಅಲ್ಲೇ ಹುಟ್ಟಿದ ಮಕ್ಕಳ ಜೊತೆ ಕೂತು ಬೇಸ್‌ಬಾಲ್ ಕಲಿಯುತ್ತಿರುವವರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಇದು.

ಮೊದಲು ಇದು ಹೇಳಿ, 'ಸರ್ವಿಸ್' ಅಂದರೆ ಏನು?

ನಮ್ಮಲ್ಲಿ ಸರ್ಕಾರಿ ನೌಕರರನ್ನು "ಎಷ್ಟು ವರ್ಷ ಸರ್ವಿಸ್ ಆಯ್ತು?" ಅಂತ ಕೇಳುತ್ತೇವಲ್ಲ, ಅದೇ. ಆಟಗಾರ ಮೇಜರ್ ಲೀಗ್ (ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗ್) ತಂಡದ 26 ಜನರ ಪಟ್ಟಿಯಲ್ಲಿದ್ದ ಪ್ರತಿ ದಿನವೂ ಅವನ ಲೆಕ್ಕಕ್ಕೆ ಜಮಾ ಆಗುತ್ತದೆ. ಅವನು ಆಡಲೇಬೇಕು ಅಂತಿಲ್ಲ. ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಅಗಿಯುತ್ತಿದ್ದರೂ ದಿನ ದಿನವೇ. ಪಂದ್ಯ ಇಲ್ಲದ ದಿನವೂ, ಊರಿಂದೂರಿಗೆ ವಿಮಾನದಲ್ಲಿ ಹೋಗುವ ದಿನವೂ ಸೇರುತ್ತವೆ.

172 ದಿನ ಆದರೆ ಒಂದು ವರ್ಷದ ಸರ್ವಿಸ್. ಸೀಸನ್ ಇರುವುದು ಸುಮಾರು 187 ದಿನ. ಪೂರ್ತಿ 187 ದಿನ ಇದ್ದರೂ 172ಕ್ಕಿಂತ ಜಾಸ್ತಿ ಬರೆದುಕೊಳ್ಳುವುದಿಲ್ಲ. ಈ ಎರಡು ಸಂಖ್ಯೆಗಳ ನಡುವೆ ಸುಮಾರು 15 ದಿನ ಉಳಿಯಿತು ನೋಡಿ. ಇಡೀ ಜಗಳ ಇರುವುದು ಅಲ್ಲಿ.

ವರ್ಷ ಕೂಡಿದರೆ ಆಟಗಾರನಿಗೆ ಏನು ಸಿಗುತ್ತದೆ?

ಮೊದಲ 3 ವರ್ಷ ತಂಡ ಕೊಟ್ಟಷ್ಟೇ ಸಂಬಳ. ಕನಿಷ್ಠ ಮೊತ್ತ ಮಾತ್ರ ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದದಲ್ಲೇ ನಿಗದಿಯಾಗಿದೆ: 2022ರಲ್ಲಿ 7 ಲಕ್ಷ ಡಾಲರ್, 2025ರಲ್ಲಿ 7 ಲಕ್ಷ 60 ಸಾವಿರ. ಅದಕ್ಕಿಂತ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಅದು ತಂಡದ ದೊಡ್ಡ ಮನಸ್ಸು.

3 ವರ್ಷ ಆದ ಮೇಲೆ ಆರ್ಬಿಟ್ರೇಷನ್. ಆಟಗಾರ ಒಂದು ಮೊತ್ತ ಹೇಳುತ್ತಾನೆ, ತಂಡ ಇನ್ನೊಂದು ಹೇಳುತ್ತದೆ. ರಾಜಿ ಆಗದಿದ್ದರೆ ಪಂಚಾಯಿತಿದಾರರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ಮೊತ್ತ ಅನ್ನುವ ಮಾತೇ ಇಲ್ಲ. ಇಲ್ಲಿಂದ ಸಂಬಳ ಲಕ್ಷಗಳಿಂದ ಕೋಟಿಗೆ ಏರಲು ಶುರು.

6 ವರ್ಷ ಪೂರ್ತಿಯಾದರೆ ಫ್ರೀ ಏಜೆಂಟ್. ಆಗ ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಅಲ್ಲಿಯವರೆಗೆ ತಂಡ ಅವನನ್ನು ಬೇರೆ ತಂಡಕ್ಕೆ ಮಾರಬಹುದು, ಕೆಳಗೆ ಕಳಿಸಬಹುದು. ಅವನಾಗಿ ಬಿಟ್ಟು ಹೋಗುವ ಹಾಗಿಲ್ಲ.

6 ವರ್ಷ ಅಂತ ಯಾರು ತೀರ್ಮಾನ ಮಾಡಿದರು?

1975ರವರೆಗೆ ಆ ಮಿತಿಯೂ ಇರಲಿಲ್ಲ. ಆಟಗಾರ ಒಮ್ಮೆ ಸಹಿ ಹಾಕಿದರೆ ತಂಡ ಬಿಡುವವರೆಗೂ ಅದರ ಆಳು. ಒಪ್ಪಂದವನ್ನು ಒಂದು ವರ್ಷ ಮುಂದುವರಿಸುವ ಹಕ್ಕು ತಂಡಕ್ಕಿತ್ತು, ತಂಡಗಳು ಅದನ್ನು ಪ್ರತಿ ವರ್ಷವೂ ಚಲಾಯಿಸಬಹುದು ಅಂತಲೇ ಓದಿಕೊಂಡಿದ್ದವು. ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮ್ಯಾಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳು (ನಮ್ಮ ಬೌಲರ್ ಥರ ಚೆಂಡು ಎಸೆಯುವವರು) ಅದನ್ನು ಪ್ರಶ್ನಿಸಿದರು. ಮಧ್ಯಸ್ಥಗಾರ ಪೀಟರ್ ಸೈಟ್ಸ್ 1975ರ ಡಿಸೆಂಬರ್‌ನಲ್ಲಿ "ಒಂದು ವರ್ಷ ಅಂದರೆ ಒಂದೇ ವರ್ಷ" ಅನ್ನುವ ಅರ್ಥದ ತೀರ್ಪು ಕೊಟ್ಟರು.

ಆಗ ತಮಾಷೆ ಆಯಿತು. ಎಲ್ಲ ಆಟಗಾರರೂ ಪ್ರತಿ ವರ್ಷ ಬಿಡುಗಡೆ ಆಗಬಹುದಿತ್ತು. ಅದು ಬೇಡ ಅಂದವರಲ್ಲಿ ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಕೂಡ ಇದ್ದರು. ಎಲ್ಲರೂ ಒಟ್ಟಿಗೆ ಮಾರುಕಟ್ಟೆಗೆ ಬಂದರೆ ಬೆಲೆ ಬಿದ್ದುಹೋಗುತ್ತದೆ, ಟೊಮೆಟೊ ಒಂದೇ ದಿನ ಲೋಡುಗಟ್ಟಲೆ ಮಂಡಿಗೆ ಬಂದ ಹಾಗೆ. ವರ್ಷಕ್ಕೆ ಸ್ವಲ್ಪ ಜನ ಬಂದರೆ ಬೆಲೆ ನಿಲ್ಲುತ್ತದೆ ಅನ್ನುವುದು ಅವರ ಲೆಕ್ಕ. 1976ರ ಒಪ್ಪಂದದಲ್ಲಿ 6 ವರ್ಷ ಅಂತ ಬಂತು. ಅವತ್ತಿಗೆ ಅದು ಆಟಗಾರರಿಗೆ ದೊಡ್ಡ ಗೆಲುವೇ.

ಹಾಗಾದರೆ ತಂಡ ಹುಡುಗನನ್ನು ಯಾಕೆ ತಡವಾಗಿ ಕರೆಯುತ್ತದೆ?

171 ದಿನ ಇದ್ದರೆ ಅದು ಒಂದು ವರ್ಷ ಅಲ್ಲ. ಹಾಗಾಗಿ 6ನೇ ವರ್ಷದ ಕೊನೆಗೆ ಅವನ ಲೆಕ್ಕದಲ್ಲಿ 5 ವರ್ಷ 171 ದಿನ ಇರುತ್ತದೆ. ಇವರು ಅದನ್ನು 5.171 ಅಂತ ಬರೆಯುತ್ತಾರೆ. ಫ್ರೀ ಏಜೆಂಟ್ ಆಗಲು 6.000 ಬೇಕು. ಒಂದು ದಿನ ಕಮ್ಮಿ, ಆದ್ದರಿಂದ ಇನ್ನೊಂದು ಇಡೀ ವರ್ಷ ಅದೇ ತಂಡದಲ್ಲಿ.

ತಂಡದ ಕಡೆಯಿಂದ ನೋಡಿ. 21 ವರ್ಷದ ಹುಡುಗನನ್ನು ಏಪ್ರಿಲ್‌ನಲ್ಲಿ ಎರಡು ವಾರ ಕೆಳಗೆ ಇಟ್ಟುಕೊಂಡರೆ, ಅವನು 27 ವರ್ಷದವನಾಗಿ ಮೈತುಂಬ ಬಲ ಇರುವಾಗಿನ ಒಂದು ವರ್ಷ ಸಿಗುತ್ತದೆ. ಎಳೆಯ ಹುಡುಗನ ಹತ್ತೆಂಟು ಪಂದ್ಯ ಬಿಟ್ಟು ಪಳಗಿದವನ 162 ಪಂದ್ಯ. ಯಾವ ಮ್ಯಾನೇಜರ್ ಬೇಡ ಅಂತಾನೆ?

ಊರಲ್ಲಿ ಕಾರ್ಖಾನೆ ಕೆಲಸ ಗೊತ್ತಿದ್ದವರಿಗೆ ಇದು ಹೊಸದಲ್ಲ. 240 ದಿನ ಕೆಲಸ ಮಾಡಿದರೆ ಒಂದು ವರ್ಷದ ನಿರಂತರ ಸೇವೆ ಅಂತ ನಮ್ಮ ಕಾರ್ಮಿಕ ಕಾನೂನು ಹೇಳುತ್ತಿತ್ತು. ಎಷ್ಟೋ ಕಡೆ ಗುತ್ತಿಗೆ ಕೆಲಸದವರಿಗೆ ಅದಕ್ಕೆ ಸ್ವಲ್ಪ ಮೊದಲು ಸರಿಯಾಗಿ ಒಂದು 'ಬ್ರೇಕ್' ಸಿಗುತ್ತಿತ್ತು. ಸಂಬಳದ ಸೊನ್ನೆಗಳು ಬೇರೆ, ಬುದ್ಧಿ ಒಂದೇ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಯಾವುದು?

ಕ್ರಿಸ್ ಬ್ರಯಂಟ್. 2015, ಶಿಕಾಗೊ ಕಬ್ಸ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಆ ವರ್ಷ ಮಾರ್ಚ್‌ನ ಅಭ್ಯಾಸ ಪಂದ್ಯಗಳಲ್ಲಿ ಬ್ರಯಂಟ್ 9 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ. ಅವನಷ್ಟು ಹೊಡೆದವರು ಇನ್ಯಾರೂ ಇರಲಿಲ್ಲ. ಆದರೂ ಸೀಸನ್ ಶುರುವಾಗುವ ಹೊತ್ತಿಗೆ ಅವನನ್ನು ಕೆಳಗಿನ ಲೀಗ್‌ನ ಅಯೋವಾ ತಂಡಕ್ಕೆ ಕಳಿಸಿದರು. ಮೂರನೇ ಬೇಸಿನಲ್ಲಿ ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು ಅನ್ನುವುದು ತಂಡ ಕೊಟ್ಟ ಕಾರಣ.

ಈಗ ಕ್ಯಾಲೆಂಡರ್ ತೆಗೆಯಿರಿ. ಆ ಸೀಸನ್ ಏಪ್ರಿಲ್ 5ಕ್ಕೆ ಶುರು, ಅಕ್ಟೋಬರ್ 4ಕ್ಕೆ ಮುಗಿತ. ಏಪ್ರಿಲ್‌ನಲ್ಲಿ 26 ದಿನ, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 4. ಒಟ್ಟು 183. ಇದರಲ್ಲಿ 172 ದಿನ ಬೇಕು ಅಂದರೆ ಕಳೆದುಕೊಳ್ಳಬಹುದಾದದ್ದು 11 ದಿನ ಮಾತ್ರ. 12ನೇ ದಿನವೂ ಹೋಯಿತು ಅಂದರೆ ವರ್ಷ ಹೋಯಿತು.

ಬ್ರಯಂಟ್‌ನನ್ನು ಮೇಲಕ್ಕೆ ಕರೆದದ್ದು ಏಪ್ರಿಲ್ 17ಕ್ಕೆ. ಏಪ್ರಿಲ್ 5ರಿಂದ 16ರವರೆಗೆ ಎಣಿಸಿ, 12 ದಿನ. ಅವನ ಖಾತೆಗೆ ಬಿದ್ದದ್ದು 171. ಏಪ್ರಿಲ್ 16ಕ್ಕೆ ಕರೆದಿದ್ದರೆ 172 ಆಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇಲ್ಲಿ ತುತ್ತು ತಪ್ಪಿದ್ದು ಒಂದೇ ಒಂದು ದಿನದಲ್ಲಿ.

ಅಷ್ಟೆಲ್ಲ ಕಾದು ಬಂದ ಹುಡುಗ ಮೊದಲ ದಿನ ಕಬ್ಸ್‌ನ ಮೈದಾನ ರಿಗ್ಲಿ ಫೀಲ್ಡ್‌ನಲ್ಲಿ ನಾಲ್ಕು ಬಾರಿ ಬ್ಯಾಟ್ ಹಿಡಿದ. ಮೂರು ಬಾರಿ ಸ್ಟ್ರೈಕ್ ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್. ಒಂದು ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೂಡ ಇಲ್ಲ. ಆಮೇಲೆ ಆ ವರ್ಷದ ಅತ್ಯುತ್ತಮ ಹೊಸಬ ಪ್ರಶಸ್ತಿ ಅವನಿಗೇ ಬಂತು. ಮರುವರ್ಷ, 2016ರಲ್ಲಿ, ಲೀಗ್‌ನ ಅತಿ ಮೌಲ್ಯಯುತ ಆಟಗಾರ. 108 ವರ್ಷದಿಂದ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆಲ್ಲದ ಕಬ್ಸ್ ಆ ವರ್ಷ ಗೆದ್ದಿತು. ಕೊನೆಯ ಔಟ್‌ಗೆ ಚೆಂಡು ಹೆಕ್ಕಿ ಮೊದಲ ಬೇಸಿಗೆ ಎಸೆದವನು ಮೂರನೇ ಬೇಸಿನಲ್ಲಿದ್ದ ಇದೇ ಬ್ರಯಂಟ್. ಎಸೆಯುವಾಗ ಕಾಲು ಜಾರಿತ್ತು, ಮುಖದಲ್ಲಿ ಮಾತ್ರ ನಗು. ಫೀಲ್ಡಿಂಗ್ ಸುಧಾರಿಸಬೇಕು ಅಂದಿದ್ದರಲ್ಲ, ಸುಧಾರಿಸಿತ್ತು ಅಂತ ಇಟ್ಟುಕೊಳ್ಳೋಣ.

ಅವನು ಸುಮ್ನೆ ಇದ್ದನಾ?

ಇಲ್ಲ. ಆಟಗಾರರ ಸಂಘದ ಮೂಲಕ ದೂರು ಕೊಟ್ಟ. ಅದು ವರ್ಷಗಟ್ಟಲೆ ಎಳೆಯಿತು. ಮಧ್ಯಸ್ಥಗಾರ ಮಾರ್ಕ್ ಇರ್ವಿಂಗ್ಸ್ ಅವರ ತೀರ್ಪು ಬಂದದ್ದು 2020ರ ಜನವರಿಯಲ್ಲಿ, ಕಬ್ಸ್ ಪರವಾಗಿ.

ಯಾಕೆ ಅಂದರೆ, ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಕಾಗದದ ಮೇಲೆ ಸಾಬೀತು ಮಾಡುವುದು ಕಷ್ಟ. ಫೀಲ್ಡಿಂಗ್ ಸರಿ ಇಲ್ಲ ಅಂತ ತಂಡ ಹೇಳಿತ್ತು. ಬೇಸ್‌ಬಾಲ್‌ನಲ್ಲಿ ಯಾರ ಫೀಲ್ಡಿಂಗ್ ತಾನೇ ಪೂರ್ತಿ ಸರಿ ಇರುತ್ತದೆ? ಮೇಲಾಗಿ ಆ ಏಪ್ರಿಲ್‌ನಲ್ಲಿ ತಂಡದ ಇಬ್ಬರು ಇನ್‌ಫೀಲ್ಡ್ ಆಟಗಾರರಿಗೆ ಗಾಯವಾಗಿತ್ತು, ಅದಕ್ಕೇ ಕರೆಸಿದೆವು ಅನ್ನಲೂ ದಾರಿ ಇತ್ತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕಬ್ಸ್ ಮಾಡಿದ್ದು ನಿಯಮದ ಒಳಗೇ ಇತ್ತು. ತಪ್ಪಿರುವುದು ನಿಯಮದಲ್ಲಿ. ಒಂದು ದಿನಕ್ಕೆ ಒಂದು ವರ್ಷದ ಬೆಲೆ ಕಟ್ಟಿದರೆ ಯಾರಾದರೂ ಆ ದಿನವನ್ನು ಕದಿಯುತ್ತಾರೆ.

ಕೊನೆಗೆ ಕಬ್ಸ್‌ಗೆ ಲಾಭ ಆಯ್ತಾ?

ಇದನ್ನು ಬಹಳ ಜನ ಕೇಳುವುದಿಲ್ಲ, ಕೇಳಬೇಕು. ಹೆಚ್ಚುವರಿಯಾಗಿ ಸಿಕ್ಕಿದ ವರ್ಷ 2021. ಆ ವರ್ಷ ಬ್ರಯಂಟ್ ಸಂಬಳ 1 ಕೋಟಿ 95 ಲಕ್ಷ ಡಾಲರ್, ಅಗ್ಗವೇನಲ್ಲ. ಜುಲೈ ಕೊನೆಗೆ ಕಬ್ಸ್ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಕೊಟ್ಟು ಬದಲಿಗೆ ಇಬ್ಬರು ಎಳೆಯ ಆಟಗಾರರನ್ನು ತೆಗೆದುಕೊಂಡಿತು. ಅಷ್ಟು ಹಠ ಮಾಡಿ ಉಳಿಸಿಕೊಂಡ ವರ್ಷದ ಕೊನೆಯ ಎರಡು ತಿಂಗಳು ಅವನು ಬೇರೆಯವರ ಅಂಗಿ ಹಾಕಿದ್ದ.

ಇತ್ತ ಬ್ರಯಂಟ್ 2022ರಲ್ಲಿ ಕೊಲರಾಡೊ ರಾಕೀಸ್ ಜೊತೆ 7 ವರ್ಷಕ್ಕೆ 18.2 ಕೋಟಿ ಡಾಲರ್‌ಗೆ ಸಹಿ ಹಾಕಿದ. ಆಮೇಲೆ ಗಾಯದ ಮೇಲೆ ಗಾಯ. ಒಂದು ವರ್ಷ ಮೊದಲೇ ಬಿಡುಗಡೆ ಆಗಿದ್ದರೆ ಇನ್ನೂ ಜಾಸ್ತಿ ಸಿಗುತ್ತಿತ್ತಾ? 2020 ಕೋವಿಡ್ ವರ್ಷ, 60 ಪಂದ್ಯಗಳ ಸೀಸನ್, ಅವನ ಆಟವೂ ಸಪ್ಪೆ. ಕಮ್ಮಿಯೇ ಸಿಗುತ್ತಿತ್ತೇನೋ.

ಇಂಥ ಲೆಕ್ಕ ಹಾಕುತ್ತೇವೆ ಅಂತ ಯಾವ ತಂಡವಾದರೂ ಒಪ್ಪಿಕೊಂಡಿದೆಯಾ?

ಹೆಸರಾದದ್ದು ಒಂದಿದೆ, ಅದೂ ಬಾಯಿ ಜಾರಿ. 2021ರ ಫೆಬ್ರವರಿಯಲ್ಲಿ ಸಿಯಾಟಲ್ ಮ್ಯಾರಿನರ್ಸ್ ಅಧ್ಯಕ್ಷ ಕೆವಿನ್ ಮ್ಯಾದರ್ ಒಂದು ರೋಟರಿ ಕ್ಲಬ್‌ನ ಆನ್‌ಲೈನ್ ಸಭೆಯಲ್ಲಿ ಮಾತಾಡಿದರು. ತಂಡದ ಎಳೆಯರ ಸರ್ವಿಸ್ ಗಡಿಯಾರ ಶುರುವಾಗದಂತೆ ನೋಡಿಕೊಂಡಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಆ ಎಳೆಯರಲ್ಲೊಬ್ಬನಾದ ಜ್ಯಾರೆಡ್ ಕೆಲೆನಿಕ್ ದೀರ್ಘ ಒಪ್ಪಂದ ಬೇಡ ಅಂದದ್ದನ್ನೂ ಹೇಳಿದರು. ಜೊತೆಗೆ ಕೆಲವು ಆಟಗಾರರ ಇಂಗ್ಲಿಷ್ ಬಗ್ಗೆಯೂ ಹಗುರವಾಗಿ ಮಾತಾಡಿದರು. ವಿಡಿಯೊ ಹೊರಗೆ ಬಂತು. ಫೆಬ್ರವರಿ 22ಕ್ಕೆ ರಾಜೀನಾಮೆ.

ಅವರು ಹೇಳಿದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಅಡುಗೆಮನೆ ಮಾತನ್ನು ಜಗಲಿಗೆ ತಂದದ್ದೇ ಅಪರಾಧ. ಕೆಲೆನಿಕ್ ಮೇ 13ಕ್ಕೆ ಮೇಲೆ ಬಂದ, ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ .181, ಅಂದರೆ ನೂರು ಸಲ ಬ್ಯಾಟ್ ಹಿಡಿದರೆ ಹದಿನೆಂಟೇ ಹಿಟ್. ಅಂದರೆ ಅವನು ನಿಜಕ್ಕೂ ತಯಾರಿರಲಿಲ್ಲವಾ? ಇರಬಹುದು. ಆದರೆ ತಯಾರಿಲ್ಲ ಅನ್ನುವ ಮಾತನ್ನು ಆ ಬಾಯಿಂದ ಕೇಳಿ ನಂಬುವುದು ಹೇಗೆ?

'ಸೂಪರ್ ಟೂ' ಅಂತ ಕೇಳುತ್ತಿರುತ್ತೇವೆ, ಅದೇನು?

ಇದು ಎರಡನೇ ಬಾಗಿಲು. ಆರ್ಬಿಟ್ರೇಷನ್‌ಗೆ 3 ವರ್ಷ ಬೇಕು ಅಂದೆನಲ್ಲ, ಅದಕ್ಕೊಂದು ವಿನಾಯಿತಿ ಇದೆ. 2ರಿಂದ 3 ವರ್ಷದ ನಡುವೆ ಇರುವವರಲ್ಲಿ ಹೆಚ್ಚು ದಿನ ಕೂಡಿಸಿದ ಮೇಲಿನ ಶೇ. 22 ಜನ ಒಂದು ವರ್ಷ ಮೊದಲೇ ಆರ್ಬಿಟ್ರೇಷನ್‌ಗೆ ಹೋಗಬಹುದು. ಹಿಂದಿನ ಸೀಸನ್‌ನಲ್ಲಿ ಕನಿಷ್ಠ 86 ದಿನ ಮೇಲೆ ಇದ್ದಿರಬೇಕು. ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ವರ್ಷ ವರ್ಷ ಬದಲಾಗುತ್ತದೆ, ನಮ್ಮ ಸಿಇಟಿ ಕಟ್‌ಆಫ್ ಥರ.

ಅದಕ್ಕೇ ಕೆಲವು ಹುಡುಗರು ಏಪ್ರಿಲ್ ಕೊನೆಗೂ ಬರುವುದಿಲ್ಲ, ಜೂನ್‌ಗೆ ಬರುತ್ತಾರೆ. ಏಪ್ರಿಲ್‌ನ ತಡ ಒಂದು ವರ್ಷ ಉಳಿಸಿಕೊಳ್ಳಲು. ಜೂನ್‌ನ ತಡ ದುಡ್ಡು ಉಳಿಸಿಕೊಳ್ಳಲು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದವರಿಗೆ ಜೈಂಟ್ಸ್‌ನ ಬಸ್ಟರ್ ಪೋಸಿ ನೆನಪಿರಬೇಕು: 2010ರ ಮೇ 29ಕ್ಕೆ ಬಂದು, ಆ ವರ್ಷವೇ ವರ್ಲ್ಡ್ ಸೀರೀಸ್ ಗೆಲ್ಲಿಸಿದ, ಆಮೇಲೆ ಸೂಪರ್ ಟೂ ಗೆರೆಯನ್ನೂ ದಾಟಿಬಿಟ್ಟ. ಬ್ರಯಂಟ್ ಕೂಡ ದಾಟಿದ್ದ. ಕಬ್ಸ್ ವರ್ಷ ಉಳಿಸಿತು, ದುಡ್ಡು ಉಳಿಸಲಿಲ್ಲ.

ಈಗಲೂ ಹೀಗೇ ನಡೆಯುತ್ತಾ?

ಪೂರ್ತಿ ಹಾಗೇ ಇಲ್ಲ. ತಂಡದ ಮಾಲೀಕರು 2021ರ ಡಿಸೆಂಬರ್‌ನಲ್ಲಿ ಆಟಗಾರರಿಗೆ ಬೀಗ ಹಾಕಿದರು. ಅದು 99 ದಿನ ನಡೆಯಿತು. 2022ರ ಮಾರ್ಚ್ 10ಕ್ಕೆ ಬಂದ ಹೊಸ ಒಪ್ಪಂದದಲ್ಲಿ ಎರಡು ಮುಖ್ಯ ಬದಲಾವಣೆ ಇವೆ. ಒಂದು ಬೆತ್ತ, ಒಂದು ಬೆಲ್ಲ.

ಬೆತ್ತ ಇದು: ಮೇಜರ್ ಲೀಗ್‌ನ ಒಳಗಿನ ಎರಡು ಲೀಗ್‌ಗಳಲ್ಲೂ ಅತ್ಯುತ್ತಮ ಹೊಸಬ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಬಂದ ಹೆಸರಾಂತ ಪ್ರಾಸ್ಪೆಕ್ಟ್‌ಗಳಿಗೆ (ಭರವಸೆಯ ಎಳೆಯ ಆಟಗಾರರಿಗೆ) ಪೂರ್ತಿ ಒಂದು ವರ್ಷದ ಸರ್ವಿಸ್, ಅವರು ಯಾವಾಗ ಬಂದಿದ್ದರೂ ಸರಿ. ಅಡ್ಲಿ ರಚ್‌ಮನ್ 2022ರ ಮೇ 21ಕ್ಕೆ ಬಾಲ್ಟಿಮೋರ್ ತಂಡಕ್ಕೆ ಬಂದ. ಮತದಾನದಲ್ಲಿ ಎರಡನೆಯವನಾದ. ವರ್ಷ ಅವನ ಖಾತೆಗೆ ಬಿತ್ತು.

ಬೆಲ್ಲ ಇದು: ಹೆಸರಾಂತ ಪ್ರಾಸ್ಪೆಕ್ಟ್‌ನನ್ನು ಸೀಸನ್ ಶುರುವಿನಲ್ಲೇ ತಂಡಕ್ಕೆ ಸೇರಿಸಿಕೊಂಡು ಪೂರ್ತಿ ವರ್ಷ ಕೊಟ್ಟರೆ, ಮತ್ತು ಅವನು ಅತ್ಯುತ್ತಮ ಹೊಸಬನಾದರೆ, ತಂಡಕ್ಕೆ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಮೊದಲ ಸುತ್ತಿನ ನಂತರ ಒಂದು ಹೆಚ್ಚುವರಿ ಆಯ್ಕೆ. ಪ್ರಶಸ್ತಿ ಬರದಿದ್ದರೂ, ಆರ್ಬಿಟ್ರೇಷನ್‌ಗೆ ಮೊದಲು ಲೀಗ್‌ನ ಅತಿ ಮೌಲ್ಯಯುತ ಆಟಗಾರ ಅಥವಾ ಸೈ ಯಂಗ್ (ಅತ್ಯುತ್ತಮ ಪಿಚರ್ ಪ್ರಶಸ್ತಿ) ಮತದಾನದಲ್ಲಿ ಮೊದಲ ಮೂರರೊಳಗೆ ಬಂದರೆ ಆಗಲೂ ಸಿಗುತ್ತದೆ. 2022ರಲ್ಲಿ ಇದೇ ಸಿಯಾಟಲ್ ತಂಡ ಹೂಲಿಯೊ ರೊಡ್ರಿಗೆಸ್‌ನನ್ನು ಮೊದಲ ದಿನದಿಂದಲೇ ಆಡಿಸಿತು. ಪ್ರಶಸ್ತಿಯೂ ಬಂತು, ಆಯ್ಕೆಯೂ ಬಂತು. ಕ್ಯಾನ್ಸಸ್ ಸಿಟಿಯ ಬಾಬಿ ವಿಟ್ ಜೂನಿಯರ್‌ಗೆ ಆ ವರ್ಷ ಪ್ರಶಸ್ತಿ ಬರಲಿಲ್ಲ. ಆದರೆ 2024ರಲ್ಲಿ ಮೌಲ್ಯಯುತ ಆಟಗಾರರ ಪಟ್ಟಿಯಲ್ಲಿ ಎರಡನೆಯವನಾದ. ಎರಡು ವರ್ಷ ಬಿಟ್ಟು ತಂಡಕ್ಕೆ ಬೆಲ್ಲ ಸಿಕ್ಕಿತು.

ಪಾಲ್ ಸ್ಕೀನ್ಸ್ ವಿಷಯದಲ್ಲಿ ಏನಾಯಿತು?

ಹೊಸ ನಿಯಮ ಎಷ್ಟು ಚೆನ್ನಾಗಿ ಕಚ್ಚುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ 2023ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ ಪಿಚರ್, ಸಹಿ ಹಾಕಿದ್ದಕ್ಕೇ 92 ಲಕ್ಷ ಡಾಲರ್. 2024ರ ಮೇ 11ಕ್ಕೆ ಮೇಲೆ ಬಂದ. ಹಳೆಯ ನಿಯಮ ಇದ್ದಿದ್ದರೆ ತಂಡಕ್ಕೆ ಒಂದು ವರ್ಷ ಹೆಚ್ಚು ಸಿಗುತ್ತಿತ್ತು.

ಆದರೆ ಹುಡುಗ ಅತ್ಯುತ್ತಮ ಹೊಸಬನಾದ. ನಿಯಮದ ಪ್ರಕಾರ ಪೂರ್ತಿ ವರ್ಷ ಅವನ ಪಾಲು. ಸೀಸನ್ ಶುರುವಿನಲ್ಲೇ ಕರೆದಿರಲಿಲ್ಲ, ಹಾಗಾಗಿ ತಂಡಕ್ಕೆ ಡ್ರಾಫ್ಟ್ ಆಯ್ಕೆಯೂ ಇಲ್ಲ. ಅತ್ತ ವರ್ಷವೂ ಹೋಯಿತು, ಇತ್ತ ಬೆಲ್ಲವೂ ಹೋಯಿತು.

ಪೈರೇಟ್ಸ್ ಪರವಾಗಿ ಒಂದು ಮಾತು ಹೇಳಬೇಕು. ಕಾಲೇಜಿನಿಂದ ಬಂದು ಒಂದು ವರ್ಷವೂ ಆಗದ ಪಿಚರ್‌ನ ತೋಳನ್ನು ಏಪ್ರಿಲ್‌ನಿಂದಲೇ ದಣಿಸಬಾರದು ಅನ್ನುವುದರಲ್ಲಿ ನ್ಯಾಯ ಇತ್ತು. ಪಿಚರ್‌ನ ಮೊಣಕೈ ಒಂದು ಸಲ ಹೋದರೆ ವರ್ಷಗಟ್ಟಲೆ ಮನೆ.

ಹೊಸಬರನ್ನು ಆಗಸ್ಟ್ ಕೊನೆಗೆ ಕರೆಯುವುದು ಯಾಕೆ? ಇನ್ನೇನು ಸೀಸನ್ ಮುಗೀತಲ್ಲ?

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. 'ಹೊಸಬ' ಅನ್ನುವ ಪಟ್ಟಕ್ಕೆ ಮಿತಿ ಇದೆ: 130 ಬಾರಿ ಬ್ಯಾಟಿಂಗ್, ಅಥವಾ 50 ಇನಿಂಗ್ಸ್ ಪಿಚಿಂಗ್, ಅಥವಾ ಸಕ್ರಿಯ ಪಟ್ಟಿಯಲ್ಲಿ 45 ದಿನ. ಆಗಸ್ಟ್ ಮಧ್ಯದ ನಂತರ ಕರೆದರೆ ಈ ಯಾವುದನ್ನೂ ದಾಟದೆ ಸೀಸನ್ ಮುಗಿಸಬಹುದು. ಹುಡುಗನಿಗೆ ಮೇಲಿನ ರುಚಿ ಸಿಗುತ್ತದೆ, ಮುಂದಿನ ವರ್ಷವೂ ಅವನು ಹೊಸಬನೇ.

2022ರಲ್ಲಿ ಅರಿಜೋನ ತಂಡ ಕಾರ್ಬಿನ್ ಕ್ಯಾರಲ್‌ನನ್ನು ಆಗಸ್ಟ್ 29ಕ್ಕೆ ಕರೆಯಿತು. ಬಾಲ್ಟಿಮೋರ್ ಗನ್ನರ್ ಹೆಂಡರ್ಸನ್‌ನನ್ನು ಆಗಸ್ಟ್ 31ಕ್ಕೆ. ಕ್ಯಾರಲ್ 104 ಬಾರಿ, ಹೆಂಡರ್ಸನ್ 116 ಬಾರಿ ಬ್ಯಾಟ್ ಮಾಡಿದರು. ಇಬ್ಬರೂ 130ರ ಈಚೆ. 2023ರಲ್ಲಿ ಎರಡು ಲೀಗ್‌ಗಳ ಅತ್ಯುತ್ತಮ ಹೊಸಬರು ಇವರಿಬ್ಬರೇ. ಎರಡೂ ತಂಡಕ್ಕೆ ಡ್ರಾಫ್ಟ್ ಆಯ್ಕೆ. ಯಾರಿಗೂ ಅನ್ಯಾಯ ಆಗಲಿಲ್ಲ ಅನ್ನುವುದು ಈ ಲೆಕ್ಕದ ಸೊಗಸು.

ಹುಡುಗ ಕೆಳಗೆ ಉಳಿದರೆ ಅದು ಯಾವಾಗಲೂ ಲೆಕ್ಕಾಚಾರವೇನಾ?

ಅಲ್ಲ. ಅಭಿಮಾನಿಗಳಾದ ನಾವು ಇಲ್ಲೇ ಎಡವುವುದು. 2024ರಲ್ಲಿ ಬಾಲ್ಟಿಮೋರ್ ಜ್ಯಾಕ್ಸನ್ ಹಾಲಿಡೇಯನ್ನು ಮೊದಲ ದಿನದ ತಂಡಕ್ಕೆ ಸೇರಿಸಲಿಲ್ಲ. ಎಲ್ಲರೂ "ನೋಡಿ, ಮತ್ತೆ ಶುರು ಮಾಡಿದರು" ಅಂದರು. ನಾನೂ ಅಂದೆ. ಏಪ್ರಿಲ್ 10ಕ್ಕೆ ಕರೆದರು. 34 ಬಾರಿಯಲ್ಲಿ 2 ಹಿಟ್. ಏಪ್ರಿಲ್ 26ಕ್ಕೆ ವಾಪಸ್ ಕೆಳಗೆ. ಜುಲೈ 31ಕ್ಕೆ ಮತ್ತೆ ಬಂದಾಗ ಮೊದಲ ಹೋಮ್ ರನ್ನೇ ಮೂರೂ ಬೇಸ್ ತುಂಬಿದ್ದಾಗ ಹೊಡೆದ. ಮೂರು ತಿಂಗಳ ಪಾಠ ಅವನಿಗೆ ಬೇಕಿತ್ತು.

ಹಾಗೇ ಲೆಕ್ಕವನ್ನೇ ಹಾಕದ ತಂಡಗಳೂ ಇವೆ. 2019ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪೀಟ್ ಅಲೊನ್ಸೊನನ್ನು ಮೊದಲ ದಿನದಿಂದಲೇ ಆಡಿಸಿತು. ಆಗ ಅವರ ಜನರಲ್ ಮ್ಯಾನೇಜರ್ ಆಗಿದ್ದವರು ಹಿಂದೆ ಆಟಗಾರರ ಏಜೆಂಟ್ ಆಗಿದ್ದವರು, ಅದೂ ಕಾರಣ ಇರಬಹುದು. ಅಲೊನ್ಸೊ 53 ಹೋಮ್ ರನ್ ಹೊಡೆದ, ಹೊಸಬರಲ್ಲಿ ಅದೇ ದಾಖಲೆ. 2024ರ ಕೊನೆಗೆ ಫ್ರೀ ಏಜೆಂಟ್ ಆದ. ಎರಡು ವಾರ ತಡ ಮಾಡಿದ್ದರೆ ಅದು 2025 ಆಗುತ್ತಿತ್ತು.

ಒಪ್ಪಂದಕ್ಕೆ ಸಹಿ ಹಾಕಿದ ಕೂಡಲೇ ಕರೆಯುತ್ತಾರಲ್ಲ?

ಹೌದು. ದೀರ್ಘ ಒಪ್ಪಂದ ಆದ ಮೇಲೆ ದಿನ ಎಣಿಸುವ ಕೆಲಸವೇ ಇಲ್ಲ, ಫೀಲ್ಡಿಂಗ್ ಕೂಡ ರಾತ್ರೋರಾತ್ರಿ ಸುಧಾರಿಸುತ್ತದೆ! ಜಾನ್ ಸಿಂಗಲ್ಟನ್ 2014ರ ಜೂನ್‌ನಲ್ಲಿ ಹ್ಯೂಸ್ಟನ್ ತಂಡದ ಜೊತೆ 5 ವರ್ಷಕ್ಕೆ 1 ಕೋಟಿ ಡಾಲರ್‌ಗೆ ಸಹಿ ಹಾಕಿದ. ಆವರೆಗೆ ಮೇಜರ್ ಲೀಗ್‌ನಲ್ಲಿ ಅವನು ಒಂದು ಪಂದ್ಯವನ್ನೂ ಆಡಿರಲಿಲ್ಲ. ಮರುದಿನವೇ ಕರೆ. ಆಟ ಕೈಕೊಟ್ಟಿತು, ದುಡ್ಡು ಮಾತ್ರ ಉಳಿಯಿತು. ಜ್ಯಾಕ್ಸನ್ ಚೂರಿಯೊ 2023ರ ಡಿಸೆಂಬರ್‌ನಲ್ಲಿ ಮಿಲ್ವಾಕಿ ಜೊತೆ 8 ವರ್ಷಕ್ಕೆ 8.2 ಕೋಟಿಗೆ ಸಹಿ ಹಾಕಿ, 20ನೇ ವಯಸ್ಸಿಗೆ ಸೀಸನ್‌ನ ಮೊದಲ ಪಂದ್ಯಕ್ಕೇ ಇಳಿದ. ಅವನದು ತಂಡಕ್ಕೆ ಅಗ್ಗದ ಸರಕು ಅನಿಸುತ್ತಿದೆ.

ಹುಡುಗರು ತಪ್ಪು ಮಾಡುತ್ತಾರೆ ಅಂತ ಹೊರಗೆ ಕೂತು ಹೇಳುವುದು ಸುಲಭ. ಮುಂದಿನ ಪ್ರಶ್ನೆ ಓದಿ, ಆಮೇಲೆ ಹೇಳಿ.

ಕೆಳಗಿನ ಲೀಗ್‌ನಲ್ಲಿ ಎಷ್ಟು ಸಂಬಳ?

2022ರವರೆಗೆ ಟ್ರಿಪಲ್ ಎ (ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ) ಮಟ್ಟದಲ್ಲಿ ವರ್ಷಕ್ಕೆ ಕನಿಷ್ಠ 17,500 ಡಾಲರ್. ಮೈನರ್ ಲೀಗ್‌ನವರೂ ಸಂಘಕ್ಕೆ ಸೇರಿದ ಮೇಲೆ, 2023ರಲ್ಲಿ ಅದು 35,800 ಆಯಿತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ 7 ಲಕ್ಷ 20 ಸಾವಿರ. ಭಾಗಿಸಿ ನೋಡಿ, ಮೇಲೆ ಒಂದು ದಿನಕ್ಕೆ ಸುಮಾರು 3,850 ಡಾಲರ್. ಹತ್ತು ದಿನ ಮೇಲಿದ್ದರೆ ಕೆಳಗಿನ ಇಡೀ ವರ್ಷದ ಸಂಬಳ ದಾಟಿತು.

ಒಮ್ಮೆ ಸ್ಯಾಕ್ರಮೆಂಟೊದಲ್ಲಿ ಟ್ರಿಪಲ್ ಎ ಪಂದ್ಯ ನೋಡುತ್ತಿದ್ದೆ. ಐದನೇ ಇನಿಂಗ್ಸ್‌ನಲ್ಲಿ ಒಬ್ಬ ಹುಡುಗನನ್ನು ಇದ್ದಕ್ಕಿದ್ದ ಹಾಗೆ ಆಟದಿಂದ ತೆಗೆದರು. ಗಾಯ ಇರಲಿಲ್ಲ, ಔಟೂ ಆಗಿರಲಿಲ್ಲ. ಡಗ್‌ಔಟ್‌ನಲ್ಲಿ ಒಬ್ಬೊಬ್ಬರೇ ಬಂದು ಅವನನ್ನು ತಬ್ಬಿಕೊಳ್ಳತೊಡಗಿದರು. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಪ್ಪ ತಿರುಗಿ "ಕರೆ ಬಂತು" ಅಂದ. ಆ ಹುಡುಗ ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡು, ಮತ್ತೆ ಬಿಚ್ಚಿದ. ಏನು ಮಾಡಬೇಕು ಅಂತ ಅವನಿಗೇ ತೋಚುತ್ತಿರಲಿಲ್ಲ. ಅವನು ನೂರಾರು ಜನರಲ್ಲಿ ಒಬ್ಬ, ಯಾವ ಪ್ರಾಸ್ಪೆಕ್ಟ್ ಪಟ್ಟಿಯಲ್ಲೂ ಹೆಸರಿಲ್ಲ. 2022ರ ಬೆತ್ತ-ಬೆಲ್ಲ ಎರಡೂ ಅವನಂಥವರ ಹತ್ತಿರವೂ ಸುಳಿಯುವುದಿಲ್ಲ. ಹೊಸ ನಿಯಮದ ಮೇಲೆ ನನಗಿರುವ ದೊಡ್ಡ ತಕರಾರು ಅದೇ.

ಮೇಲೆ ಬಂದವನನ್ನು ಮತ್ತೆ ಕೆಳಗೆ ಕಳಿಸಿ ದಿನ ಕತ್ತರಿಸಬಹುದಾ?

ಕತ್ತರಿಸಬಹುದು, ಆದರೆ ಒಂದು ಸೀಸನ್‌ನಲ್ಲಿ ಒಟ್ಟು 20 ದಿನಕ್ಕಿಂತ ಕಮ್ಮಿ ಕೆಳಗಿದ್ದರೆ ಆ ದಿನಗಳೂ ಅವನ ಸರ್ವಿಸ್‌ಗೇ ಸೇರುತ್ತವೆ. 2022ರಿಂದ ಒಬ್ಬನನ್ನು ವರ್ಷಕ್ಕೆ 5 ಸಲಕ್ಕಿಂತ ಜಾಸ್ತಿ ಹೀಗೆ ಕಳಿಸುವಂತೆಯೂ ಇಲ್ಲ.

ಗಾಯವಾಗಿ ಮಲಗಿದ್ದರೆ?

ಮೇಜರ್ ಲೀಗ್‌ನ ಗಾಯಾಳು ಪಟ್ಟಿಯಲ್ಲಿದ್ದರೆ ದಿನ ಓಡುತ್ತದೆ, ಸಂಬಳವೂ ಬರುತ್ತದೆ. ಕೆಳಗಿನ ಲೀಗ್‌ನಲ್ಲಿ ಗಾಯವಾದರೆ ದಿನ ಓಡುವುದಿಲ್ಲ, ಮೇಲಿನ ಸಂಬಳವೂ ಇಲ್ಲ.

ನಮ್ಮ ಐಪಿಎಲ್ ಥರ ಹರಾಜು ಇಟ್ಟರೆ ಮುಗೀತಲ್ವಾ?

ಮುಗಿಯುತ್ತದೆ, ಆದರೆ ಮಾಲೀಕರು ಒಪ್ಪಬೇಕಲ್ಲ. ಐಪಿಎಲ್‌ನಲ್ಲಿ ಮೂರು-ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಹರಾಜು, 20 ವರ್ಷದ ಹುಡುಗನಿಗೂ ಮಾರುಕಟ್ಟೆ ಬೆಲೆ ಸಿಗಬಹುದು. ಇಲ್ಲಿ ಆ ಬೆಲೆ ಕಾಣುವ ಹೊತ್ತಿಗೆ ಹೆಚ್ಚಿನವರಿಗೆ 28-30 ಆಗಿರುತ್ತದೆ.

ಭಾರತದವರು ಯಾರಾದರೂ ಈ ಲೆಕ್ಕಕ್ಕೆ ಸಿಕ್ಕಿದ್ದಾರಾ?

ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ 2008ರಲ್ಲಿ ಇದೇ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಸಹಿ ಹಾಕಿದರು. ಜಾವೆಲಿನ್ ಎಸೆಯುತ್ತಿದ್ದ ಹುಡುಗರು, ಒಂದು ಸ್ಪರ್ಧೆಯಲ್ಲಿ ವೇಗವಾಗಿ ಚೆಂಡು ಎಸೆದು ಆಯ್ಕೆಯಾದವರು. ಮೈನರ್ ಲೀಗ್‌ನಲ್ಲಿ ಆಡಿದರು, ಮೇಲೆ ಬರಲು ಆಗಲಿಲ್ಲ. ಮೇಜರ್ ಲೀಗ್‌ನ ಲೆಕ್ಕದ ಪುಸ್ತಕದಲ್ಲಿ ಅವರ ಸರ್ವಿಸ್ 0.000.

ಮುಂದೆ ನಿಯಮ ಬದಲಾಗುತ್ತಾ?

ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಕಳೆದ ಸಲದ ಮಾತುಕತೆಯಲ್ಲಿ ಮಾಲೀಕರು ದಿನ ಎಣಿಸುವುದನ್ನೇ ಬಿಟ್ಟು ಇಪ್ಪತ್ತೊಂಬತ್ತೂವರೆ ವಯಸ್ಸಿಗೆ ಎಲ್ಲರಿಗೂ ಬಿಡುಗಡೆ ಕೊಡೋಣ ಅಂದಿದ್ದರು. ಆಟಗಾರರು ಒಪ್ಪಲಿಲ್ಲ. 20ಕ್ಕೇ ಮೇಲೆ ಬರುವ ಚೂರಿಯೊನಂಥವನು ಒಂಬತ್ತೂವರೆ ವರ್ಷ ಕಾಯಬೇಕಾಗುತ್ತಿತ್ತು. ಕಾಲೇಜು ಮುಗಿಸಿ 25ಕ್ಕೆ ಬಂದವನಿಗೆ ಮಾತ್ರ ಅದು ಹಬ್ಬ. ಆಟಗಾರರು ಕೇಳಿದ್ದು 2 ವರ್ಷಕ್ಕೇ ಆರ್ಬಿಟ್ರೇಷನ್, ಅದೂ ಸಿಗಲಿಲ್ಲ. 172 ಅಲ್ಲೇ ಉಳಿಯಿತು.

ಅಲ್ಲಿಯವರೆಗೆ ಏಪ್ರಿಲ್ ಮೂರನೇ ವಾರದ ಸುದ್ದಿ ನೋಡುತ್ತಿರಿ. ಯಾರದೋ ಫೀಲ್ಡಿಂಗ್ ಸರಿಹೋಗಿರುತ್ತದೆ.